ಮಾತಿಗೆ ಹಚ್ಚೆ ಹಾಕಿದವರು

ಕಳೆದ ಶ್ರಾವಣದಲ್ಲಿ ನನ್ನ ಮದುವೆಯ ಹಳೆಯ ಸಿಡಿಯನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳೋಣವೆಂದು ಸೇಡಂ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. "ಅಕ್ಕಾರ, ಕೆಳಗ ಇವೇನ್ರಿ ಹಳದಿ ಅಕ್ಷರ? ಭಾಳ ಅಡ್ಡ ಬರ್ತಾವ. ತಗದು ಕ್ಲೀನ್ ಮಾಡಿ ಕೊಡ್ಲೇನು?" ಎಂದು ಕೇಳಿದರು.

"ತೆಗೀಲಿಕ್ಕೆ ಬರ್ತದೇನು ನೋಡ್ರಿ" ಎಂದೆ.

ಅವರು ಮೌಸು ಆ ಕಡೆ ಈ ಕಡೆ ಆಡಿಸಿದರು, ಏನೇನೋ ಒತ್ತಿದರು, ಕೊನೆಗೆ ತಲೆ ಕೆರೆದುಕೊಂಡರು. "ಇಲ್ರಿ, ಚಿತ್ರದಾಗೇ ಕೂಡಿ ಹೋಗ್ಯಾವ. ಏನ್ ಮಾಡಿದ್ರೂ ಬರೂದಿಲ್ಲ" ಎಂದು ಬೇಸರದಿಂದ ಹೇಳಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಅಂಗಡಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಕೆಲಸ ಕೆಟ್ಟಿತೆಂದರೆ ಗಿರಾಕಿ ನಗುವುದನ್ನು ಅವರು ಎಂದೂ ನೋಡಿರಲಿಕ್ಕಿಲ್ಲ. ಆ ಅಕ್ಷರ ಕೂರಿಸಿದವರು ತೀರಿಕೊಂಡು ಕೆಲವು ವರ್ಷಗಳೇ ಆದವು. ಅಕ್ಷರ ಮಾತ್ರ ಹಟ ಹಿಡಿದು ಕೂತಿವೆ, ಬರೆದವರ ಹಾಗೆಯೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತವರೂರು ಶಹಾಬಾದಿನಲ್ಲಿ ಅವರ ಹೆಸರು ಹೇಳಿ ಕೇಳಿದರೆ ಮನೆ ತೋರಿಸುವವರೂ ಇರಲಿಲ್ಲ. "ಟೈಪಿಂಗ್ ಟೀಚರ್" ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ನಮ್ಮ ಓಣಿಯ ತುದಿಗೆ ಅವರ ಟೈಪಿಂಗ್ ಕ್ಲಾಸು. ಮುಂದಿನ ಕೋಣೆಯಲ್ಲಿ ಸಾಲಾಗಿ ಮಷೀನುಗಳು, ಹಿಂದಿನ ಕೋಣೆಯಲ್ಲಿ ದೇವರು ಮತ್ತು ಒಲೆ. ವೈಷ್ಣವರ ಮನೆತನ, ಮಡಿ ಮೈಲಿಗೆ ಬಿಗಿ. ಆದರೆ ಬಾಯಿ ಮಾತ್ರ ಸಡಿಲ. ಮಷೀನುಗಳ ಗದ್ದಲದ ನಡುವೆಯೂ ಹಿಂದಿನ ಕೋಣೆಯಿಂದಲೇ, "ಮೂರನೇ ಮಷೀನಿನ್ಯಾಂವ, ಒಂದ ಬೆರಳಿಲೆ ಹೊಡೀಲಿಕತ್ತಿ, ನನಗ ಗೊತ್ತಾಗೂದಿಲ್ಲ ಅಂತ ತಿಳ್ಕೊಂಡೀಯೇನು?" ಎಂದು ಕೂಗುತ್ತಿದ್ದರು. ಅಷ್ಟು ಸೂಕ್ಷ್ಮ ಕಿವಿ ಅವರದು. ಅವರಲ್ಲಿ ಕಲಿತವರ ಪೈಕಿ ನಾನೂ ಒಬ್ಬಳು.

ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಮಾಡಿದವರಿಗೆ, "ಪುರಸೊತ್ತು ಸಿಗಲಿಲ್ಲ ನೋಡ್ರಿ" ಎನ್ನುತ್ತಿದ್ದರು. ಹಾಗೆಂದು ಮದುವೆಗಳ ಮೇಲೆ ಸಿಟ್ಟೇನೂ ಇರಲಿಲ್ಲ. ವಾಡಿಯಿಂದ ಚಿಂಚೋಳಿಯವರೆಗೆ ಅವರಷ್ಟು ಮದುವೆಗಳನ್ನು ಪೂರ್ತಿಯಾಗಿ, ಒಂದು ಮಾತೂ ಬಿಡದೆ ನೋಡಿದವರು ಇನ್ನೊಬ್ಬರಿಲ್ಲ. ನೋಡಿದ್ದೆಲ್ಲ ಕ್ಯಾಸೆಟ್ಟಿನಲ್ಲಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು.

ಅದು ಶುರುವಾದದ್ದು ಹೀಗೆ. ಕಂಪ್ಯೂಟರು ಬಂದ ಮೇಲೆ ಟೈಪಿಂಗ್ ಮಷೀನುಗಳನ್ನು ಕೇಳುವವರು ಕಡಿಮೆಯಾದರು. ಅವರ ತಮ್ಮ ಪಕ್ಕದ ಖೋಲಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು, ಮದುವೆಗಳ ವಿಡಿಯೋ ಮಾಡುತ್ತಿದ್ದರು. ಕ್ಯಾಸೆಟ್ಟಿನದನ್ನು ಕಂಪ್ಯೂಟರಿಗೆ ಇಳಿಸಿ, ಮದುಮಗಳ ಮುಖವನ್ನು ಕಮಲದ ಹೂವಿನಲ್ಲಿ ಅರಳಿಸಿ, ಮದುಮಗನನ್ನು ಗುಲಾಬಿಯೊಳಗಿಂದ ಇಣುಕಿಸಿ, ಮೇಲೆ ಸಿನಿಮಾ ಹಾಡು ಸುರಿದು ಕೊಡುವುದು ಆಗಿನ ಪದ್ಧತಿ. ಟೀಚರಿಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

"ಅಲ್ಲೋ, ಮಂದಿ ಇಷ್ಟು ಬಾಯಿ ಆಡಸಲಿಕತ್ಯಾರ, ಒಬ್ಬರದರ ಮಾತು ಕೇಳಸ್ತದೇನು? ಎಲ್ಲಾರ ಬಾಯಿಗೂ ಹಾಡು ತುರುಕಿಟ್ಟೀಯಲ್ಲ!" ಎಂದು ತಮ್ಮನನ್ನು ಬೈಯುತ್ತಿದ್ದರು.

ಒಮ್ಮೆ ಚಿಂಚೋಳಿ ಕಡೆಯ ಹುಡುಗಿಯನ್ನು ತೆಂಗಳಿಯವರು ತಂದುಕೊಂಡರು. ಹುಡುಗಿಯ ಕಡೆಯವರು ಮನೆಯಲ್ಲಿ ಆಡುವುದು ತೆಲುಗು, ಹುಡುಗನ ಕಡೆಯವರಿಗೆ ತೆಲುಗಿನ ಗಂಧವಿಲ್ಲ. ವಿಡಿಯೋದಲ್ಲಿ ಹುಡುಗಿಯ ಅಜ್ಜಿ ಮದುಮಗನ ಗಲ್ಲ ಸವರಿ ಏನೋ ಉದ್ದಕ್ಕೆ ಹೇಳುತ್ತಿದ್ದಾಳೆ. ತಮ್ಮ ಅದರ ಮೇಲೆ ಹಾಡು ಹಾಕಲು ಹೋದರೆ ಟೀಚರ್ ಕೈ ಹಿಡಿದರು. ಅವರು ಬೆಳೆದದ್ದು ಸೇಡಮ್ಮಿನಲ್ಲಿ, ತೆಲುಗು ನೀರು ಕುಡಿದಷ್ಟು ಸರಾಗ. ಹಾಡು ಕಿತ್ತುಹಾಕಿಸಿ, ಅಜ್ಜಿಯ ಮಾತನ್ನು ಕನ್ನಡದಲ್ಲಿ ಅಜ್ಜಿಯ ಚಿತ್ರದ ಕೆಳಗೇ ಟೈಪು ಮಾಡಿ ಕೂರಿಸಿದರು: "ನಮ್ಮ ಹುಡುಗಿ ಮಾತು ಜಾಸ್ತಿ ಆಡ್ತಾಳ. ಹುಡುಗನ ಕಿವಿ ದೊಡ್ಡವ ಅದಾವ. ಜೋಡಿ ಕೂಡ್ತು." ತೆಂಗಳಿಯವರು ಅದನ್ನು ನೋಡಿ ನಕ್ಕು ನಕ್ಕು, ಸಿಡಿಯನ್ನು ಊರಲ್ಲಿ ಮನೆಯಿಂದ ಮನೆಗೆ ಒಯ್ದರಂತೆ. ಅಲ್ಲಿಂದ ಮುಂದೆ ಚಿತ್ತಾಪುರ, ಗುಂಡಗುರ್ತಿ, ಆದಿತ್ಯನಗರದ ಕಾಲೋನಿಯವರು ಕೂಡ "ಮಾತು ಬರಿಯೋ ಟೀಚರ್ ಇರೋದು ಇಲ್ಲೇ ಏನ್ರಿ?" ಎಂದು ಕೇಳಿಕೊಂಡು ಬರತೊಡಗಿದರು.

ಈ ಕೆಲಸಕ್ಕೆ ಅವರು ಇಟ್ಟ ಹೆಸರು "ಹಚ್ಚಿ ಹಾಕೋದು", ಮೈಮೇಲಿನ ಹಚ್ಚೆಯಂತೆ ಒಮ್ಮೆ ಕೂತರೆ ಅಳಿಸಲು ಬಾರದ್ದು. ಅಕ್ಷರಗಳನ್ನೆಲ್ಲ ಟೈಪು ಮಾಡಿ, ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ಕೂರಿಸಿದ ಮೇಲೆ ಕಂಪ್ಯೂಟರು ಚಿತ್ರವನ್ನೂ ಅಕ್ಷರವನ್ನೂ ಒಂದು ಮಾಡಿ ಹೊಸದಾಗಿ ಬರೆಯಬೇಕು. ಆಗಿನ ಕಂಪ್ಯೂಟರಿಗೆ ಅದು ಇಡೀ ದಿನದ ಕೆಲಸ. ನಡುವೆ ಕರೆಂಟು ಹೋದರೆ ಮೊದಲಿನಿಂದ. ಅದಕ್ಕಾಗಿ ಅವರು ಏಕಾದಶಿಯನ್ನೇ ಆರಿಸಿಕೊಳ್ಳುತ್ತಿದ್ದರು. ಅಡುಗೆ ಇಲ್ಲ, ಊಟ ಇಲ್ಲ, ಕಂಪ್ಯೂಟರಿನ ಎದುರು ಬೀಸಣಿಗೆ ಹಿಡಿದು ಕೂರುವುದು. ಬೀಸುತ್ತಿದ್ದದ್ದು ತಮಗಲ್ಲ, ಕಂಪ್ಯೂಟರಿಗೆ. ಯಾರಾದರೂ ಬಾಗಿಲಲ್ಲಿ ನಿಂತು "ಟೀಚರ್, ಕರೆಂಟ್..." ಎಂದು ಬಾಯಿ ತೆರೆದರೆ, "ಏ, ಆ ಶಬ್ದ ಇವತ್ತು ಅನಬ್ಯಾಡ್ರಿ!" ಎಂದು ಗದರಿ ಕಳಿಸುತ್ತಿದ್ದರು.

ತಮ್ಮ ಒಮ್ಮೆ ಕಲಬುರಗಿಗೆ ಹೋಗಿ ಹೊಸ ಸುದ್ದಿ ತಂದರು. ಅಕ್ಷರವನ್ನು ಚಿತ್ರಕ್ಕೆ ಅಂಟಿಸದೆ ಬೇರೆಯಾಗಿಯೇ ಇಡಬಹುದಂತೆ, ಬೇಕಾದವರು ತೋರಿಸಿಕೊಳ್ಳಬಹುದು, ಬೇಡವಾದವರು ಮುಚ್ಚಿಕೊಳ್ಳಬಹುದು. ಟೀಚರ್ ಕೇಳಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಮಾತು ಮುಗಿಯಿತೆಂದೇ ಅರ್ಥ.

"ಮುಚ್ಚಲಿಕ್ಕೆ ಬರ್ತದ ಅಂದ್ರ ಮುಚ್ಚೋರೇ ಭಾಳ ಮಂದಿ ಇರ್ತಾರ. ನಮ್ಮದು ಹಚ್ಚೀನೇ ಇರ್ಲಿ."

ಈಗ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನುಗಳ ಮಧ್ಯೆ ದುಡಿದವನು. ಆ ಸದ್ದಿಗೆ ಕಿವಿ ಸ್ವಲ್ಪ ಸ್ವಲ್ಪವಾಗಿ ಹೋಗುತ್ತ, ನನಗೆ ವರ ನೋಡುವ ಹೊತ್ತಿಗೆ ಪೂರ್ತಿ ಮಂದವಾಗಿತ್ತು. ಹತ್ತಿರ ಹೋಗಿ ಕೂಗಿದರೆ ಕೇಳುತ್ತಿತ್ತು, ಅದೂ ಸುತ್ತ ಸದ್ದಿಲ್ಲದಿದ್ದರೆ. ಓದುವುದರಲ್ಲಿ ಮಾತ್ರ ಎತ್ತಿದ ಕೈ. ಬೆಳಗಿನ ಪೇಪರು ಮುಗಿಸಿ, ಭಜ್ಜಿ ಕಟ್ಟಿಸಿಕೊಂಡು ಬಂದ ಹಳೆ ಪೇಪರನ್ನೂ ಎಣ್ಣೆ ಒರೆಸಿ ಓದುತ್ತಿದ್ದ.

ಕಿವಿ ಕೇಳದವರ ಮನೆಗಳಲ್ಲಿ ಒಂದು ಮಾತು ತಾನಾಗಿ ಬೆಳೆದುಬಿಡುತ್ತದೆ. ಹತ್ತು ಜನ ಕೂತು ನಗುತ್ತಿರುತ್ತಾರೆ, ಅವರು "ಏನಂತ?" ಎಂದು ಕೇಳುತ್ತಾರೆ, ಕೂಗಿ ಹೇಳಲು ಬೇಸತ್ತು ನಾವು "ಏನಿಲ್ಲ ಬಿಡು" ಎನ್ನುತ್ತೇವೆ. ಅಪ್ಪ ಕ್ರಮೇಣ ಕೇಳುವುದನ್ನೇ ಬಿಟ್ಟಿದ್ದ. ಯಾರು ಏನು ಹೇಳಿದರೂ ತಲೆ ಆಡಿಸಿ ನಗುತ್ತಿದ್ದ. ನನ್ನ ಮದುವೆಯಲ್ಲೂ ಅಷ್ಟೆ. ಮುಂದಿನ ಕುರ್ಚಿಯಲ್ಲಿ ತಲೆಗೆ ಪಟಕಾ ಸುತ್ತಿಕೊಂಡು ಕೂತು, ಹೊಗಳಿದವರಿಗೂ ಜಗಳ ತೆಗೆದವರಿಗೂ ಒಂದೇ ನಗು ಹಂಚಿದ.

ಆದರೆ ಒಂದು ವಿಷಯ ಅವನನ್ನು ಕೊರೆಯುತ್ತಿತ್ತು. ನನ್ನನ್ನು ಸೇಡಮ್ಮಿಗೆ ಕಳಿಸಿಕೊಡುವಾಗ, ಜೀಪಿನ ಹತ್ತಿರ, ನಾನು ಅಪ್ಪನ ಕೊರಳಿಗೆ ಬಿದ್ದು ಅಳುತ್ತ ಏನೋ ಹೇಳಿದ್ದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು ಏನೋ ಹರಸಿದ್ದ. ಅದನ್ನು ನೋಡಿ ಓಣಿಯ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಜೀಪು ಹೋದ ಮೇಲೆ ಅಪ್ಪ ಅವ್ವನನ್ನು ಕೇಳಿದ, "ಹೋಗೋ ಮುಂದ ಮಗಳು ಏನಂದ್ಲು?" ಬ್ಯಾಂಡಿನ ಗದ್ದಲದಲ್ಲಿ ಅವ್ವನಿಗೂ ಕೇಳಿರಲಿಲ್ಲ. "ಏನಿಲ್ಲ ಬಿಡು, ಹೋಗಿ ಬರ್ತೀನಿ ಅಂದಿರ್ತಾಳ" ಎಂದಳು. ಅವನಿಗೆ ಸಮಾಧಾನವಾಗಲಿಲ್ಲ. ಹೋಗಿ ಬರ್ತೀನಿ ಎನ್ನುವುದಕ್ಕೆ ಯಾರೂ ಅಷ್ಟು ಉದ್ದಕ್ಕೆ ಬಾಯಿ ಆಡಿಸುವುದಿಲ್ಲ ಎಂಬುದು ಅವನ ವಾದ. ಫೋನಿನಲ್ಲಿ ನನ್ನನ್ನೇ ಕೇಳೋಣವೆಂದರೆ ಕೇಳಿಸದು.

ನನ್ನ ಮದುವೆಯ ವಿಡಿಯೋ ಮಾಡಿದವರೂ ಟೀಚರ್ ತಮ್ಮನೇ. ಹೀಗಾಗಿ ಒಂದು ದಿನ ಟೋಪಿ ಹಾಕಿಕೊಂಡು ಟೀಚರ್ ಹತ್ತಿರ ಹೋದನಂತೆ. ಅವನ ಮಾತು ಯಾವಾಗಲೂ ಓಣಿಗೆಲ್ಲ ಕೇಳುವಷ್ಟು ಜೋರು. ಟೀಚರ್ ಆಮೇಲೆ ಅದನ್ನು ಹಾಗೆಯೇ ನಟಿಸಿ ತೋರಿಸುತ್ತಿದ್ದರು.

"ಟೀಚರ್, ನನ್ನ ಮಗಳ ಮದಿವಿ ಆತು. ಎಲ್ಲಾರೂ ಭಾಳ ಚಲೋ ಆತು ಅಂತಾರ. ನನಗ ಒಂದ ಮಾತೂ ಕೇಳಿಲ್ಲ. ಯಾರ್ಯಾರು ಏನೇನು ಅಂದಾರ, ಎಲ್ಲಾ ಬರೀರಿ. ಹೋಗೋ ಮುಂದ ನನ್ನ ಮಗಳು ಏನೋ ಅಂದ್ಲು, ಅದು ಬೇಕೇ ಬೇಕು. ಏನಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ."

ಟೀಚರ್ ಒಂದು ಚೀಟಿಯ ಮೇಲೆ ದೊಡ್ಡದಾಗಿ "ಬರೀತೀನಿ" ಎಂದು ಟೈಪು ಮಾಡಿ ಅವನ ಕೈಗೆ ಕೊಟ್ಟರು.

ಮದುವೆಯಾದ ಮೇಲೆ ನಾನು ಮೊದಲ ಸಲ ತವರಿಗೆ ಬಂದದ್ದು ನಾಗರ ಪಂಚಮಿಗೆ. ಬಂದ ಸಂಜೆಯೇ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು ಅದನ್ನೇ ಕೇಳಿದ. ನಾನು ನೆನಪು ಮಾಡಿಕೊಂಡೆ, ಮಾಡಿಕೊಂಡೆ, ಏನೂ ಹೊಳೆಯಲಿಲ್ಲ. ಅತ್ತದ್ದೊಂದೇ ನೆನಪು. "ಖರೇನೇ ನೆನಪಿಲ್ಲ ಅಪ್ಪಾ" ಎಂದು ಕೂಗಿ ಹೇಳಿದೆ. ಅವನು ತಲೆ ಆಡಿಸಿ ನಕ್ಕ. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು. ಮಗಳೂ ಎಲ್ಲರಂತೆ "ಏನಿಲ್ಲ" ಎನ್ನುವುದನ್ನು ಕಲಿತಳು ಎಂದುಕೊಂಡಿರಬೇಕು. ನನಗೆ ಭಾಳ ಕೆಟ್ಟದೆನಿಸಿತು.

ಹಬ್ಬ ಮುಗಿಸಿ ನನ್ನನ್ನು ಕರೆದೊಯ್ಯಲು ಅತ್ತೆ ಮತ್ತು ನನ್ನ ಯಜಮಾನರು ಸೇಡಮ್ಮಿನಿಂದ ಬಂದ ದಿನವೇ ಟೀಚರೂ ಸಿಡಿ ಹಿಡಿದುಕೊಂಡು ಮನೆಗೆ ಬಂದರು. ಮೊದಲ ಸಲ ತೋರಿಸುವಾಗ ತಾವು ಅಲ್ಲಿ ಇರಲೇಬೇಕು ಎಂಬುದು ಅವರ ನೇಮ. ಟಿವಿಗೆ ಬೆನ್ನು ಮಾಡಿ, ನೋಡುವವರ ಮುಖ ನೋಡುತ್ತ ಕೂರುವರು. ನಮ್ಮ ಮನೆಯಲ್ಲಿ ಕುರ್ಚಿ ಬೇಡವೆಂದು ಗೋಡೆಗೊರಗಿ ಕೂತರು. ಅವ್ವ ಎಲ್ಲರಿಗೂ ಚಹಾ ಕೊಟ್ಟಳು. ಅಪ್ಪ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತ.

ಚಿತ್ರ ಶುರುವಾಯಿತು. ಹಂದರದ ಕೆಳಗೆ ನಮ್ಮ ಸೋದರಮಾವ ಗಂಭೀರವಾಗಿ ಬೀಗರನ್ನು ಎದುರುಗೊಳ್ಳುತ್ತಿದ್ದಾರೆ. ಕೆಳಗೆ ಅಕ್ಷರ: "ಮಾವ: ಭಜ್ಜಿ ಎಲ್ಲಾ ಅವರಿಗೇ ಕೊಡಬ್ಯಾಡ್ರೋ, ನನಗ ನಾಲ್ಕು ತಗದಿಡ್ರಿ." ಅಪ್ಪ ತೊಡೆ ತಟ್ಟಿ ನಕ್ಕ. ಅಕ್ಷತೆಯ ಹೊತ್ತು. ಅಯ್ಯನವರು ಮಂತ್ರದ ನಡುವೆ ಬಗ್ಗಿ ಏನೋ ಹೇಳುತ್ತಿದ್ದಾರೆ: "ಅಯ್ಯನವರು: ಜರಾ ಲಗೂ ಮಾಡ್ರಿ, ವಾಡಿ ಗಾಡಿ ತಪ್ಪಸ್ತೀರಿ ನೀವು." ಮನೆ ತುಂಬ ನಗು. ಅಪ್ಪ ಓದುತ್ತಿದ್ದಾನೆ, ನಗುತ್ತಿದ್ದಾನೆ, ಎಲ್ಲರ ಜೊತೆಗೆ, ಅದೇ ಗಳಿಗೆಗೆ. ಎಷ್ಟೋ ವರ್ಷಗಳಿಂದ ಅವನು ಹಾಗೆ ನಮ್ಮ ಜೊತೆ ಸರಿಯಾದ ಹೊತ್ತಿಗೆ ನಕ್ಕದ್ದು ನೋಡಿರಲಿಲ್ಲ.

ಆಮೇಲೆ ನಾನು ಗಂಡನ ಹೆಸರು ಹೇಳುವ ಶಾಸ್ತ್ರ. ಹೆಸರನ್ನು ಬರಿದೇ ಹೇಳುವಂತಿಲ್ಲ, ಒಡಪು ಕಟ್ಟಿ ಅದರೊಳಗೆ ಸೇರಿಸಬೇಕು. ಸುತ್ತ ಹುಡುಗಿಯರು ಕಿರುಚುತ್ತಿದ್ದಾರೆ. ಕೆಳಗೆ ಅಕ್ಷರ ಬಂತು: "ಶಹಾಬಾದ ಫರಸಿ ನುಣುಪು, ಸೇಡಮ್ಮಿನ ತೊಗರಿ ಹದ, (ಕೇಳಿಸಲಿಲ್ಲ) ಅವರ ಹೆಸರ ಹೇಳಿದ್ರ ನನಗ ನಗಿ ಬರ್ತದ."

ಎಲ್ಲರೂ ನಾನು ಹೆಸರು ನುಂಗಿದೆನೆಂದು ಕಾಡಿಸಿದರು. ಅಪ್ಪ ಮಾತ್ರ ಟೀಚರ್ ಕಡೆ ತಿರುಗಿ, ಕಣ್ಣರಳಿಸಿ, "ಟೀಚರ್, ನಿಮಗೂ ಕೇಳಿಲ್ಲೇನು?" ಎಂದ. ಟೀಚರ್ ದೊಡ್ಡದಾಗಿ ಇಲ್ಲವೆಂದು ಕೈ ಆಡಿಸಿದರು. "ನಿಮಗೂ ಕೇಳಿಲ್ಲ! ಅವರಿಗೂ ಕೇಳಿಲ್ಲ!" ಎಂದು ಅಪ್ಪ ನಮ್ಮೆಲ್ಲರಿಗೂ ಸಾರಿದ. ಹಬ್ಬದ ಕರ್ಜಿಕಾಯಿಗಿಂತ ಅವನಿಗೆ ಅದೇ ರುಚಿಸಿತು. ಯಜಮಾನರ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ, ಕೇಳಬೇಡಿ.

ಊಟದ ಪಂಕ್ತಿ ಬಂತು. ಕ್ಯಾಮೆರಾದ ಹತ್ತಿರವೇ ನಮ್ಮತ್ತೆ ತಮ್ಮ ತಂಗಿಯ ಜೊತೆ ಕೂತಿದ್ದಾರೆ. ಮುಖದ ತುಂಬ ನಗು. ಕೆಳಗೆ ಹಳದಿ ಅಕ್ಷರ: "ಬೀಗತಿ: ಹೋಳಿಗಿ ನೋಡಿದೇನು? ಎತ್ತಿ ಹಿಡಿದ್ರ ಆಚಿ ಕಡಿ ಮಂದಿ ಕಾಣಸ್ತಾರ." ಅದರ ಹಿಂದೆಯೇ ಇನ್ನೊಂದು ಸಾಲು: "ಬೀಗತಿ: ಬೀಗಗ ಹೆಂಗೂ ಕೇಳಸೂದಿಲ್ಲ, ಅಂದ್ರ ಏನಾತು."

ಅತ್ತೆಯ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. ನನ್ನ ಯಜಮಾನರು ಛಾವಣಿಯ ಫ್ಯಾನು ನೋಡತೊಡಗಿದರು. ನನ್ನ ಸಂಸಾರ ಇಲ್ಲಿಗೆ ಮುಗಿಯಿತು ಎಂದೇ ನನಗೆ ಅನಿಸಿತು. ಅವ್ವ ಟಿವಿ ಆರಿಸಲು ದಡಬಡಿಸಿ ಎದ್ದಳು. ಅತ್ತೆ ಟೀಚರ್ ಕಡೆ ತಿರುಗಿದರು.

"ಏನ್ರಿ ಬಾಯಾರ, ಇಂಥಾದೆಲ್ಲಾ ಬರೀತಾರೇನ್ರಿ? ಮೊದಲು ಅಳಸ್ರಿ ಅದನ್ನ."

"ಬರೂದಿಲ್ರಿ ತಾಯಿ" ಎಂದರು ಟೀಚರ್, ಧ್ವನಿ ಏರಿಸದೆ. "ಚಿತ್ರದಾಗ ಸೇರಿಬಿಟ್ಟದ. ಮೂಲ ಕ್ಯಾಸೆಟ್ಟಿನ ಮ್ಯಾಲ ಈಗ ಚಿಂಚೋಳಿ ಮದಿವಿ ತುಂಬ್ಯಾದ."

"ಮತ್ತ ಬಿಟ್ಟರ ಏನಾಗ್ತಿತ್ತು? ಇಷ್ಟು ಶಾಣ್ಯಾರಿದ್ದೀರಿ, ಅಷ್ಟು ತಿಳೀಲಿಲ್ಲೇನು?"

"ತಿಳೀತ್ರಿ. ಭಾಳ ಹೊತ್ತು ಕೈ ಕಟಗೊಂಡು ಕೂತೆ. ಆದ್ರ ನಿಮ್ಮ ಬೀಗರು ಏನು ತಿಳೀಬೇಕು, ಏನು ತಿಳೀಬಾರದು ಅಂತ ಮನ್ಯಾಗ ಎಲ್ಲಾರೂ ಗೊತ್ತು ಮಾಡ್ಯಾರ. ನಾನೂ ಅವರೊಳಗ ಒಬ್ಬಾಕಿ ಆಗಲ್ಯಾ?"

ಇಷ್ಟೆಲ್ಲ ನಡೆಯುವಾಗ ಅಪ್ಪ ಟಿವಿಯನ್ನೇ ನೋಡುತ್ತಿದ್ದ. ಅವ್ವನ ಕೈ ಸ್ವಿಚ್ಚಿನ ಹತ್ತಿರ ಹೋದದ್ದು ಕಂಡು, "ಏ, ಯಾಕ ಬಂದ್ ಮಾಡ್ತಿ? ಬಿಡು!" ಎಂದು ಗುಡುಗಿದ. ಆಮೇಲೆ ಅತ್ತೆಯ ಕಡೆ ತಿರುಗಿದ. ನಾನು ಕಣ್ಣು ಮುಚ್ಚಿಕೊಂಡೆ.

"ಬೀಗತ್ಯಾರ, ಹೋಳಿಗಿ ಖರೇನೇ ತೆಳು ಇತ್ತೇನ್ರಿ?"

ಅತ್ತೆ ಚಹಾದ ಕಪ್ಪನ್ನು ಕೆಳಗಿಟ್ಟರು.

"ನನಗೂ ಹಂಗೇ ಅನಸಿತ್ರಿ!" ಎಂದ ಅಪ್ಪ. "ಬಾಯಾಗಿಟ್ಟ ಕೂಡಲೇ ಅನಸ್ತು, ಹೂರಣ ಎಲ್ಲದ ಅಂತ. ಈಕಿನ್ನ ಕೇಳಿದೆ, ಭಾಳ ಚಲೋ ಆಗ್ಯಾವ ಅಂದ್ಲು. ಮಾವನ್ನ ಕೇಳಿದೆ, ಏನಿಲ್ಲ ಬಿಡ್ರಿ ಅಂದ. ಊರೆಲ್ಲಾ ಚಲೋ ಅಂದ್ರು. ಅಲ್ಲಪ್ಪಾ, ಕಿವಿ ಹೋಯ್ತು ಸೈ, ನಾಲಿಗಿನೂ ಹೋಯ್ತೇನು ಅಂತ ಚಿಂತಿ ಹತ್ತಿತ್ತು ನನಗ. ನೀವೊಬ್ಬರೇ ನೋಡ್ರಿ ಖರೆ ಹೇಳಿದವರು!"

ಅತ್ತೆ ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. ಅಣಕಿಸುತ್ತಿಲ್ಲ, ನಿಜಕ್ಕೂ ಖುಷಿಯಾಗಿದ್ದಾನೆ ಎಂದು ಖಾತ್ರಿಯಾದ ಮೇಲೆ ಅವರ ಭುಜ ಕುಲುಕತೊಡಗಿತು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು, ಆಗಲಿಲ್ಲ. ಅಪ್ಪನಿಗೆ ಕಾಣುವಂತೆ ಬೆರಳ ತುದಿಗಳನ್ನು ಹತ್ತಿರ ತಂದು, ಹೋಳಿಗೆ ಎಷ್ಟು ತೆಳುವಾಗಿತ್ತು ಎಂಬುದನ್ನು ತೋರಿಸಿದರು. ಅಪ್ಪ ಅವರ ಬೆರಳುಗಳನ್ನು ಇನ್ನೂ ಹತ್ತಿರ ಮಾಡಬೇಕೆಂದು ಸನ್ನೆ ಮಾಡಿದ. ಅವ್ವ ಒಬ್ಬಳೇ, "ಅಡಗಿಯಾಂವ ಮೋಸ ಮಾಡ್ದ, ನಾ ಏನ್ ಮಾಡಲಿ" ಎಂದು ಗೊಣಗುತ್ತ ಮತ್ತೆ ಕೂತಳು.

ಆಮೇಲೆ ಜೀಪು ಕಂಡಿತು. ಬ್ಯಾಂಡು ಬಡಿಯುತ್ತಿದೆ. ಚಿತ್ರದಲ್ಲಿ ನಾನು ಅಳುತ್ತ ಬರುತ್ತಿದ್ದೇನೆ. ಅಪ್ಪ ನಗುವುದನ್ನು ಬಿಟ್ಟು ಟಿವಿಗೆ ತಿರುಗಿದ. ಕನ್ನಡಕ ತೆಗೆದು, ಧೋತ್ರದ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಎಷ್ಟೋ ತಿಂಗಳುಗಳಿಂದ ಅವನು ಕಾದ ಮಾತು. ಬ್ಯಾಂಡಿನ ಸದ್ದಿನಲ್ಲಿ ಕೇಳಿಸಿಲ್ಲವೆಂದು ಬರೆದುಬಿಟ್ಟಿದ್ದರೆ? ನಾನು ಟೀಚರ್ ಕಡೆ ನೋಡಿದೆ. ಅವರು ಅಪ್ಪನನ್ನೇ ನೋಡುತ್ತಿದ್ದರು. ಈ ಒಂದು ಜಾಗಕ್ಕೆ ಅವರು ದಿನಗಟ್ಟಲೆ ಹೆಡ್‌ಫೋನು ಒತ್ತಿ ಹಿಡಿದು ಕೂತಿದ್ದರೆಂದು ಅವರ ತಮ್ಮ ಆಮೇಲೆ ಹೇಳಿದರು.

ಚಿತ್ರದಲ್ಲಿ ನಾನು ಅಪ್ಪನ ಕೊರಳಿಗೆ ಬಿದ್ದೆ. ಅಕ್ಷರ ಬಂತು.

"ಮಗಳು: ಅಪ್ಪಾ, ನನ್ನ ಚಪ್ಪಲಿ ಕಳದಾವ. ಹಂದರದಾಗ ಎಲ್ಲಾ ಕಡಿ ನೋಡಿದೆ, ಸಿಗವಲ್ವು."

ಅದರ ಕೆಳಗೆ, ನನ್ನ ತಲೆಯ ಮೇಲೆ ಕೈ ಇಟ್ಟ ಅಪ್ಪನದು:

"ಅಪ್ಪ: ಹಂಗೇ ಆಗಲಿ ನನ್ನ ತಾಯಿ. ಎಲ್ಲಾ ಒಳ್ಳೇದಕ್ಕೇ ಆಗ್ತದ."

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನನ್ನ ಯಜಮಾನರು ಗೋಡೆ ಹಿಡಿದುಕೊಂಡರು. ನನಗೆ ಎಲ್ಲ ಒಟ್ಟಿಗೆ ನೆನಪಾಯಿತು, ಹೊಸ ಚಪ್ಪಲಿ, ಹಂದರದ ಮೂಲೆ, ಹುಡುಕುತ್ತ ಹುಡುಕುತ್ತ ಅಳು ಬಂದದ್ದು. ಅತ್ತೆ ನಗುತ್ತಲೇ ಹಣೆ ಬಡಿದುಕೊಂಡರು. "ಅಯ್ಯ ನಿನ್ನ, ಅದಕ್ಕೇನು ಬರಿಗಾಲಿಲೆ ಬಂದಿದ್ದಿ? ಸೊಸಿ ಭಾಳ ಭಕ್ತಿವಂತಿ, ಹರಕಿ ಹೊತ್ತು ಬರಿಗಾಲಿಲೆ ಹೊಸ್ತಿಲ ದಾಟ್ಯಾಳ ಅಂತ ನಾ ಇಡೀ ಸೇಡಮ್ಮಿಗೆ ಹೇಳಿಕೋತ ತಿರಗೀನಲ್ಲೇ!"

ಅಪ್ಪ ಆ ಜಾಗವನ್ನು ಮತ್ತೊಮ್ಮೆ ಹಾಕಿಸಿದ, ಇನ್ನೊಮ್ಮೆ ಹಾಕಿಸಿದ. "ಚಪ್ಪಲಿ ಕಳದಾವ ಅಂದ್ರ ಹಂಗೇ ಆಗಲಿ ಅಂದೀನಲ್ಲ ನಾನು!" ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನಗುತ್ತ ನಗುತ್ತ ಟೀಚರಿಗೆ ಎರಡೂ ಕೈ ಎತ್ತಿ ಮುಗಿದ. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಆ ದಿನ ಮಾತ್ರ ಅವರು ಗಾಜನ್ನಲ್ಲ, ಕಣ್ಣನ್ನು ಒರೆಸಿಕೊಳ್ಳುತ್ತಿದ್ದರೆಂದು ನನ್ನ ಗುಮಾನಿ.

ಸಂಜೆ ಬಿಸಿಲು ಇಳಿದ ಮೇಲೆ ನಾವು ಹೊರಟೆವು. ಓಣಿಯಲ್ಲಿ ಜೀಪು ಗುರುಗುಡುತ್ತ ನಿಂತಿತ್ತು. ಅಕ್ಕಪಕ್ಕದವರು ಬಾಗಿಲಿಗೆ ಬಂದಿದ್ದರು, ಟೀಚರೂ ನಮ್ಮ ಕಟ್ಟೆಯ ಮೇಲೆ ನಿಂತಿದ್ದರು. ನಾನು ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಎದ್ದು, ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಒಂದು ಮಾತನ್ನು ಮೆಲ್ಲಗೆ ಹೇಳಿದೆ. ಕೇಳುವುದಿಲ್ಲ ಎಂಬ ಧೈರ್ಯದಿಂದಲೇ ಹೇಳಿದ್ದು. ಅವನು ತಲೆ ಆಡಿಸಿ ನಗುತ್ತಾನೆ, ನಾನು ಜೀಪು ಹತ್ತುತ್ತೇನೆ ಎಂದುಕೊಂಡಿದ್ದೆ.

ಅಪ್ಪ ತಲೆ ಆಡಿಸಲಿಲ್ಲ. ಕಿವಿಯ ಹಿಂದೆ ಕೈ ಇಟ್ಟು ನನ್ನ ಮುಖದ ಹತ್ತಿರ ಬಗ್ಗಿದ.

"ಏನಂದಿ? ನನಗ ಕೇಳಿಲ್ಲ. ಇನ್ನೊಮ್ಮಿ ಅನ್ನು."

ಇಷ್ಟು ವರ್ಷಗಳಲ್ಲಿ ಅವನು ಯಾರಿಗೂ ಇನ್ನೊಮ್ಮೆ ಹೇಳು ಎಂದದ್ದನ್ನು ನಾನು ಕಂಡಿರಲಿಲ್ಲ. ಇನ್ನೊಮ್ಮೆ ಹೇಳಿದೆ. ಜೀಪಿನ ಸದ್ದಿಗೆ ಅದೂ ಹೋಯಿತು. "ಇನ್ನೂ ಜೋರಾಗಿ" ಎಂದ. ಅತ್ತೆ ಜೀಪಿನಿಂದ ಇಣುಕುತ್ತಿದ್ದಾರೆ, ಯಜಮಾನರು ನಿಂತಿದ್ದಾರೆ, ಓಣಿಯೇ ನಿಂತಿದೆ. ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

"ಅನ್ನವಾ, ಹೆದರಬ್ಯಾಡ. ಜೋರಾಗಿ ಅನ್ನು" ಎಂದರು ಟೀಚರ್ ಕಟ್ಟೆಯ ಮೇಲಿಂದ.

ಕಣ್ಣು ಮುಚ್ಚಿ, ಇದ್ದಬಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. "ಅಪ್ಪಾ, ಅಲ್ಲಿ ನಿನ್ನ ನೆನಪು ಭಾಳ ಬರ್ತದ!"

"ಹಾಂ, ಈಗ ಕೇಳ್ತು" ಎಂದ ಅಪ್ಪ. ಆಮೇಲೆ ತನ್ನ ಎಂದಿನ ಧ್ವನಿಯಲ್ಲಿ, ಓಣಿಯ ಆ ತುದಿಗೂ ಕೇಳುವಂತೆ, "ನನಗೂ ಬರ್ತದ ಮಗಾ!" ಎಂದ.